ಅರಿಶಿನದ ಹುಳ

ಹಾಲಮ್ಮ ಲಾಡಿಹುಳಕ್ಕೆ ಅರಿಶಿನ ಹಚ್ಚುವುದನ್ನು ಅಮೂಲ್ಯ ಕಣ್ಣಾರೆ ಕಂಡಿದ್ದು ಆ ಗುರುವಾರವೇ. ಪ್ರತಿ ವಾರ ಅಮೂಲ್ಯ ಶಿವಮೊಗ್ಗದಿಂದ ಒಂಬತ್ತರ ಬಸ್ಸಿಗೆ ಹೊರಟು, ಭದ್ರಾವತಿಯ ಮೀನಂಗಡಿಯಲ್ಲಿ ಹಾಲಮ್ಮ ಸಂಶೋಧನೆಗೆಂದು ತಯಾರು ಮಾಡಿಟ್ಟ ಹುಳಗಳ ಡಬ್ಬಿಯನ್ನು ಎತ್ತಿಕೊಂಡು ವಾಪಸು ಬಸ್ಸು ಹತ್ತುತ್ತಿದ್ದಳು. ಅವತ್ತು ಎಂಟರ ಬಸ್ಸು ಸಿಕ್ಕಿತು. ಬಂದು ನೋಡಿದರೆ, ಹೊಳೆ ಮೀನಿನ ಕರುಳಿನಿಂದ ತೆಗೆದ ಹುಳಗಳಿಗೆ ಹಾಲಮ್ಮ ಉಪ್ಪು, ಅರಿಶಿನ ಹಾಕಿ, ಎಳೆಗೂಸಿಗೆ ಎಣ್ಣೆ ತಿಕ್ಕುವ ಹಾಗೆ ಹಗುರವಾಗಿ ತಿಕ್ಕುತ್ತಿದ್ದಳು.

"ಹಾಲಮ್ಮಾ! ಏನ್ ಮಾಡ್ತಿದೀರಾ?"

"ತೊಳೀತಿದೀನಿ ಮಾರಾಯ್ತಿ. ಐದ್ ನಿಮಿಷ ತಡಿ, ಲೋಳೆ ಹೋಗ್ಲಿ."

"ಪ್ರತಿ ಸಲಾನೂ ಹಿಂಗೇ ತೊಳೀತಿದ್ರಾ?"

"ಮತ್ತೆ? ನಿಮ್ಮನೇಲಿ ಮೀನು ಅಂತ ಬಾಯಲ್ಲೂ ಅನ್ನಲ್ಲ ಅಂದಿದ್ಯಲ್ಲ. ಅಂಥೋರ ಮನೆ ಹುಡುಗಿ ಕೈಗೆ ಗಬ್ಬುನಾತದ್ದು ಕೊಟ್ರೆ ದೇವ್ರು ಮೆಚ್ತಾನಾ? ಕೊನೇಗೆ ಎರಡು ಹನಿ ನಿಂಬೆಹಣ್ಣೂ ಹಿಂಡ್ತೀನಿ."

ಅಮೂಲ್ಯ ಪಕ್ಕದಲ್ಲಿದ್ದ ಐಸ್ ಡಬ್ಬದ ಮೇಲೆ ಕುಳಿತುಬಿಟ್ಟಳು. ಆರು ತಿಂಗಳಿಂದ ಅವಳ ಹುಳಗಳ ಹೊಟ್ಟೆಯಲ್ಲಿ ಮೊಟ್ಟೆಗಳಿಗೇನೂ ಬರವಿರಲಿಲ್ಲ, ಆದರೆ ಒಂದಾದರೂ ಒಡೆದು ಮರಿಯಾಗಿರಲಿಲ್ಲ. ಅವಳು ಬಿಸಿಲನ್ನು ಬೈದಿದ್ದಳು, ಡ್ರೈವರನನ್ನು ಬೈದಿದ್ದಳು, ದಾರಿಯಲ್ಲಿ ಮಲವಗೊಪ್ಪದ ರಸ್ತೆಯುಬ್ಬು ಬಂದಾಗಲೆಲ್ಲ ಡಬ್ಬಿಯನ್ನು ಎದೆಗವಚಿಕೊಂಡು ಉಸಿರು ಬಿಗಿಹಿಡಿದಿದ್ದಳು. ಮೊಟ್ಟೆಯಿಂದ ಮರಿ ಹೇಗೆ ಬರುತ್ತದೆ ಎನ್ನುವುದೇ ಅವಳ ಪಿಎಚ್‌ಡಿ. ಈ ತಿಂಗಳೊಳಗೆ ಬರದಿದ್ದರೆ ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು.

ಅವಳ ಗೈಡ್ ರೇಣುಕಾಪ್ರಸಾದ್ ಮಾತ್ರ ಬಹಳ ಉಲ್ಲಾಸದಲ್ಲಿದ್ದರು. ಇಷ್ಟು ಹಳದಿಯಾದ ಮೊಟ್ಟೆಯನ್ನು ಲೋಕದಲ್ಲಿ ಯಾರೂ ಕಂಡಿಲ್ಲ, ಇದು ಹೊಸ ಜಾತಿಯ ಹುಳವೇ ಸರಿ ಎಂದು ನಲವತ್ತು ಪುಟ ಬರೆದಿದ್ದರು. ಅದರಲ್ಲಿ ಆರು ಪುಟ ಬರೀ ಹಳದಿಯ ಬಗ್ಗೆ. ಶನಿವಾರ ಅದನ್ನು ವಿಜ್ಞಾನ ಪತ್ರಿಕೆಗೆ ಕಳಿಸುವುದೆಂದು ನಿಶ್ಚಯವಾಗಿತ್ತು.

"ಹಿಂಗ್ ತೊಳೆದ್ರೆ ಮೊಟ್ಟೆ ಸಾಯ್ತಾವೆ ಹಾಲಮ್ಮ," ಎಂದಳು ಅಮೂಲ್ಯ.

ಹಾಲಮ್ಮನ ಕೈ ನಿಂತಿತು. ಬುಟ್ಟಿಯಲ್ಲಿ ಇನ್ನೂ ಬಾಲ ಬಡಿಯುತ್ತಿದ್ದ ಮೀನೊಂದನ್ನು ಎಳೆದು ಕೊಯ್ದಳು. ಹುಳ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದಕ್ಕೆ ಕೈಹಾಕಿದಾಗ ಅಮೂಲ್ಯಳೇ ತಡೆದಳು.

"ಬೇಡ ಹಾಲಮ್ಮ, ಗಿರಾಕಿ ಬರೋ ಮುಂಚೆ ಕೊಯ್ದ್ರೆ ಯಾರ್ ತಗೊಂತಾರೆ?"

"ಯಾರೂ ತಗೊಳ್ದಿದ್ರೆ ನಾನ್ ಉಣ್ತೀನಿ, ಬಿಡು. ನನಗೇನ್ ಮೀನ್ ಸೇರಲ್ವಾ?"

ಐದನೆಯದರಲ್ಲಿ ಸಿಕ್ಕಿತು. ಹಾಲಮ್ಮ ಅದನ್ನು ಬೆರಳಿನಿಂದಲೂ ಮುಟ್ಟದೆ, ಕರುಳಿನ ಸಮೇತ ಡಬ್ಬಿಯೊಳಗಿನ ಹೊಳೆ ನೀರಿಗೆ ಇಳಿಬಿಟ್ಟಳು.

ಶಿವಮೊಗ್ಗಕ್ಕೆ ಮರಳಿದ ಅಮೂಲ್ಯ ನೇರವಾಗಿ ಗೈಡ್ ಹತ್ತಿರ ಹೋಗಿ, "ಪೇಪರ್ ಹತ್ತು ದಿನ ತಡೀರಿ ಸರ್, ಯಾಕೆ ಅಂತ ಮಾತ್ರ ಈಗ ಕೇಳ್ಬೇಡಿ," ಎಂದು ಬೇಡಿಕೊಂಡಳು. ಒಂಬತ್ತನೆಯ ದಿನ ಬೆಳಿಗ್ಗೆ ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಕೆಳಗೆ, ಮೊಟ್ಟೆಯೊಂದರ ಮುಚ್ಚಳ ತೆರೆದುಕೊಂಡಿತು. ಮೈತುಂಬ ಸಣ್ಣ ರೋಮ ಹೊದ್ದ ಗುಂಡನೆಯ ಮರಿ ಹೊರಗೆ ಬಂದು, ಮದುವೆ ಮನೆಯಲ್ಲಿ ಕಳೆದುಹೋದವರ ಹಾಗೆ ಗರಗರ ತಿರುಗತೊಡಗಿತು. ಒಂದೆರಡು ದಿನದೊಳಗೆ ನೀರಿನ ಚಿಗಟದಂಥ ಪ್ರಾಣಿ ಅದನ್ನು ನುಂಗಬೇಕು, ಆ ಪ್ರಾಣಿಯನ್ನು ಮೀನು ನುಂಗಬೇಕು, ಆಮೇಲೆ ಅದು ಹುಳ. ರೇಣುಕಾಪ್ರಸಾದ್ ಒಂದೊಂದಾಗಿ ನಲವತ್ತೊಂದು ಮರಿ ಎಣಿಸಿದರು.

"ಹಳದಿ ಎಲ್ಲಿ ಹೋಯ್ತಮ್ಮಾ?"

"ಅದು ಅರಿಶಿನ, ಸರ್." ಅಮೂಲ್ಯ ಎಲ್ಲವನ್ನೂ ಹೇಳಿದಳು, ನಿಂಬೆಹಣ್ಣನ್ನೂ ಬಿಡಲಿಲ್ಲ.

ಅವರು ಮೇಜಿನ ಮೇಲಿದ್ದ ನಲವತ್ತು ಪುಟಗಳನ್ನು ನೋಡಿದರು. ಅಮೂಲ್ಯ ಬೈಗುಳಕ್ಕೆ ತಯಾರಾದಳು.

"ಇದನ್ನ ಕಳಿಸಿಬಿಟ್ಟಿದ್ರೆ," ಎಂದರು ಅವರು ಕೊನೆಗೆ, "ನನ್ನನ್ನೇ ಅರಿಶಿನ ಹಚ್ಚಿ ಹಸೆಮಣೆ ಮೇಲೆ ಕೂರಿಸ್ತಿದ್ರು. ಆ ತಾಯಿಗೆ ಫೋನ್ ಮಾಡು."

ಹಾಲಮ್ಮ ಎತ್ತಿದಾಗ ಅಮೂಲ್ಯ, ಮೇಷ್ಟ್ರು ಮಾತಾಡ್ತಾರೆ ಎಂದು ಫೋನನ್ನು ಅವರ ಕೈಗೆ ಕೊಟ್ಟಳು. ಹಾಲಮ್ಮ ತಕ್ಷಣ, "ಮೇಷ್ಟ್ರೇ, ತಪ್ಪಾಯ್ತು, ಹುಡುಗಿಗೇನೂ ಅನ್ಬೇಡಿ," ಎಂದಳು.

"ಏನ್ ತಪ್ಪಮ್ಮ! ಇವಳ ಓದು ಉಳಿಸಿದ್ರಿ, ನನ್ನ ಮಾನ ಉಳಿಸಿದ್ರಿ. ಹೆಂಗೆ ಋಣ ತೀರಿಸ್ಲಿ ಹೇಳಿ. ನಲವತ್ತೊಂದು ಮರಿ ಆಗಿದಾವೆ!"

"ಅಬ್ಬಬ್ಬಾ! ಹೆಣ್ಣೆಷ್ಟು, ಗಂಡೆಷ್ಟು?"

"ದೊಡ್ಡವಾದ್ಮೇಲೆ ಒಂದೊಂದೂ ಗಂಡು, ಹೆಣ್ಣು ಎರಡೂ ಆಗಿರ್ತಾವಮ್ಮ."

"ಸದ್ಯ, ಗಂಡು ಹುಡುಕೋ ತಾಪತ್ರಯ ಇಲ್ಲ. ಬಾಣಂತಿ ಹೆಂಗವ್ಳೆ?"

ರೇಣುಕಾಪ್ರಸಾದ್ ಕಪಾಟಿನ ಕಡೆ ನೋಡಿದರು. ಬಾಣಂತಿ ಫಾರ್ಮಲಿನ್ ತುಂಬಿದ ಬಾಟಲಿಯಲ್ಲಿ, ನಂಬರಿನ ಚೀಟಿಯೊಂದಿಗೆ ನೆಟ್ಟಗೆ ನಿಂತಿದ್ದಳು. ಅವರು ಕುರ್ಚಿಯಿಂದ ಎದ್ದು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಆರಾಮಾಗಿದ್ದಾಳಮ್ಮ," ಎಂದರು. "ನಿಮ್ಮನ್ನೇ ಕೇಳ್ತಿದ್ಲು."