ಅದೇ ಅಕ್ಷರ

ಆಕೆ ಚೀಲದಿಂದ ಶೇಂಗಾ ಚಟ್ನಿಯ ಪಾಕೀಟೊಂದನ್ನು ತೆಗೆದು, ಲೇಬಲ್ ಮಾಡಿಕೊಡುವ ಡಿಸೈನರನ ಮೇಜಿನ ಮೇಲಿಟ್ಟಳು.

"ನನ್ನ ಚಟ್ನಿ ಪಾಕೀಟಿಗೂ ಇಂಥಾವಽ ಅಕ್ಷರ ಬೇಕ್ರಿ. ಒಂದು ಸುಳಿನೂ ಬ್ಯಾರೆ ಆಗಬಾರದು."

ಅವನ ಮೂಗಿಗೆ ಮೋಸದ ಘಾಟು ಬಡಿಯಿತು. ದುಂಡನೆಯ ಕೆಂಪು ಅಕ್ಷರದ 'ಶಾವಂತ್ರೆವ್ವನ ಚಟ್ನಿ' ಊರಿನ ಅಂಗಡಿ ಅಂಗಡಿಯಲ್ಲೂ ತೂಗಾಡುತ್ತಿತ್ತು. ನಕಲಿ ಲೇಬಲ್ ಮಾಡಿಕೊಟ್ಟು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವನೊಬ್ಬ ಪಕ್ಕದ ಓಣಿಯಲ್ಲೇ ಇದ್ದ.

"ಇದಕ್ಕಿಂತ ಚೆಂದನ ಫಾಂಟ್ ಅದಾವ್ರಿ ಅಕ್ಕಾರ, ತೋರಸ್ತೀನಿ."

"ಬ್ಯಾಡ. ಇದಽ ಬೇಕು."

"ಹೆಸರು ಏನಂತ ಹಾಕಲಿ?"

"ಅದರ ಮ್ಯಾಲ ಐತಲ್ಲ, ಅದಽ ಹೆಸರು."

ಅವನು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದ. "ಆ ಶಾವಂತ್ರೆವ್ವನ ಹೊಟ್ಟಿ ಮ್ಯಾಲ ಹೊಡಿಯೂ ಕೆಲಸ ನಾ ಮಾಡಂಗಿಲ್ರಿ. ನಡೀರಿ."

ಆಕೆ ಏಳಲಿಲ್ಲ. ಚೀಲದಿಂದ ಸಾದಾ ಅಕ್ಷರದ ಇನ್ನೊಂದು ಪಾಕೀಟು ತೆಗೆದು, ಮೊದಲಿನದರ ಪಕ್ಕಕ್ಕಿಟ್ಟಳು.

"ನಾನಽ ಶಾವಂತ್ರೆವ್ವ. ಇದು ನಾ ಮಾಡಿದ್ದು. ಆ ಕೆಂಪು ಅಕ್ಷರದ್ದು ಯಾರೋ ನನ್ನ ಹೆಸರಲೆ ಮಾರಾಕತ್ತಾರ. ಈಗ ಅಂಗಡಿಯವರು ನಂದಽ ನಕಲಿ ಅಂತ ವಾಪಸ್ ಕೊಡಾಕತ್ತಾರ್ರೀ."