ಓರೆಯಾಗಿ ನಿಂತ ಕವಡೆ

ಹೊಸ ಆಟ ಕಟ್ಟಿಕೊಡುವ, ಮಾತಾಡುವ ಎಂಜಿನ್ ಒಂದು ಸಲ ಮನೆ ಸೇರಿದರೆ ಸಾಯುವವರೆಗೂ ಜೊತೆಗಿರುತ್ತದೆ, ವಾಪಸು ಮಾಡುವ ಹಾಗಿಲ್ಲ. ಅದಕ್ಕೇ ಟೈಲರ್ ವನಜಾಕ್ಷಿ ತನ್ನ ಅತ್ತೆಯನ್ನು ಕರೆದುಕೊಂಡು, ನಾಲ್ಕು ಕವಡೆ ಹಿಡಿದು ಅಂಗಡಿಗೆ ಬಂದಿದ್ದಳು. ಹೊಲಿಗೆಯ ಬಿಡುವಿನಲ್ಲಿ ತನ್ನದೇ ಒಂದು ಚೌಕಾಬಾರ ಮಾಡಬೇಕೆಂದು ಅವಳಿಗೆ ಬಹಳ ದಿನದ ಆಸೆ.

ಅಂಗಡಿಯವನು ಮೂರು ಎಂಜಿನ್‌ಗಳನ್ನು ಡೇರೆಯಂತೆ ಬಿಚ್ಚಿ ನಿಲ್ಲಿಸಿದ. ಇಬ್ಬರೂ ಒಂದೊಂದರೊಳಗೂ ಹೊಕ್ಕು ಕವಡೆ ಹಾಕಿ ನೋಡಿದರು. ಮೊದಲನೆಯದರಲ್ಲಿ ಎಷ್ಟು ಸಲ ಹಾಕಿದರೂ ಕವಡೆಗಳು ನೀಟಾಗಿ ಬಿದ್ದವು. ಎರಡನೆಯದರಲ್ಲಿ ಬಂಗಾರದಂತೆ ಹೊಳೆದವು, ಆದರೆ ಕೇಳಿದ ಗರವೇ ಬೀಳುತ್ತಿತ್ತು. ಮೂರನೆಯದರ ನೆಲ ಸ್ವಲ್ಪ ಒರಟು. ಅಲ್ಲಿ ಒಂದು ಕವಡೆ ಇನ್ನೊಂದಕ್ಕೆ ಒರಗಿ ಓರೆಯಾಗಿ ನಿಂತುಬಿಟ್ಟಿತು.

“ಇದನ್ನ ನಿಮ್ಮನೇಲಿ ಏನಂತ ಎಣಿಸ್ತೀರಿ?” ಎಂದು ಎಂಜಿನ್ ಕೇಳಿತು.

“ಮತ್ತೆ ಹಾಕ್ಬೇಕು,” ಎಂದಳು ವನಜಾಕ್ಷಿ.

“ಯಾವೂರ ಆಟಾನೇ ಅದು? ನಮ್ಮ ನಂಜನಗೂಡಲ್ಲಿ ಆ ಸರದಿ ಬಿಟ್ಕೊಡ್ಬೇಕು!” ಅತ್ತೆ ರೇಗಿದರು.

“ನಮ್ಮ ತಿಪಟೂರಲ್ಲಿ ಹಂಗಿಲ್ಲ ಅತ್ತೆ!”

ಮಾತಿಗೆ ಮಾತು ಬೆಳೆಯಿತು. ಅಂಗಡಿಯವನು ಗಾಬರಿಯಿಂದ ಒಳಗೆ ಇಣುಕಿದ.

“ನಿಲ್ಲಿಸ್ಬೇಡಿ,” ಎಂದಿತು ಎಂಜಿನ್. “ನಂಗೆ ಆಟ ಅರ್ಥ ಆಗ್ತಿರೋದೇ ಈಗ.”

ವನಜಾಕ್ಷಿ ಅಂಗಡಿಯವನ ಕಡೆ ತಿರುಗಿದಳು. “ಇದನ್ನೇ ಮಡಚಿ ಕೊಡಿ.”

ಅತ್ತೆ ಆ ಕವಡೆಗೆ ಕೈ ಅಡ್ಡ ಹಿಡಿದರು. “ಇದು ಇತ್ಯರ್ಥ ಆಗೋವರ್ಗೂ ಮಡಚೋ ಹಾಗಿಲ್ಲ.”