ಎದೆಗಾರಪ್ಪನ ಮುಂದೆ ಆಡಬಾರದ ಮಾತು

“ಹೊರಡುವಾಗ ಬರ್ತೀನಿ ಅನ್ಬ್ಯಾಡ ಕಣವ್ವ. ಇಲ್ಲಿ ಹೋಗ್ತೀನಿ ಅನ್ಬೇಕು,” ಎಂದ ಪೂಜಾರಿ ಪುಟ್ಟರಂಗಯ್ಯ, ಕುಂಕುಮದ ತಟ್ಟೆ ಮುಂದೆ ಹಿಡಿಯುತ್ತಾ. ಹುಟ್ಟಿದಾಗಿನಿಂದ ದಾಕ್ಷಾಯಣಿ ಕಲಿತದ್ದು ಇದರ ತಿರುಗುಮುರುಗು. ಹೊಸ್ತಿಲು ದಾಟುವಾಗ ಬಾಯಿತಪ್ಪಿ ‘ಹೋಗ್ತೀನಿ’ ಅಂದರೆ ಅವಳ ಅವ್ವ ಬಾಯಿಯ ಮೇಲೇ ಒಂದು ಕೊಡುತ್ತಿದ್ದಳು. ಊರಿಗೆಲ್ಲ ಒಂದು ದಾರಿಯಾದರೆ ಈ ಎದೆಗಾರಪ್ಪನಿಗೇ ಒಂದು ದಾರಿ.

ಕಡಬದ ಕೆರೆ ಏರಿಯ ಕೆಳಗೆ, ಹುಣಸೆಮರದ ಬುಡದಲ್ಲಿ ಅವನ ಗುಡಿ. ದೇವರಿಗೆ ತಲೆಯಿಲ್ಲ, ಕೈಕಾಲಿಲ್ಲ, ಬರೀ ಎದೆ. ಅವನಿಗೆ ಯಾರೂ ಕೈ ಮುಗಿಯುವುದಿಲ್ಲ. ಕಲ್ಲಿನ ಎದೆಗೆ ಅಂಗೈ ಒತ್ತಿ, ತಮ್ಮ ಹೆದರಿಕೆಯನ್ನು ಹೆಸರು ಹಿಡಿದು ಹೇಳಿ, ಅಲ್ಲೇ ಬಿಟ್ಟು ಹೋಗುತ್ತಾರೆ. ಹಾವಿಗೆ ಹೆದರುವವರು, ಆಪರೇಷನ್ನಿಗೆ ಹೆದರುವವರು, ಕೋರ್ಟಿಗೆ ಹೆದರುವವರು, ಎಲ್ಲರೂ ಬಂದು ಹಗುರಾಗಿ ಹೋದವರೇ. ಧೈರ್ಯದ ದೇವರ ಗುಡಿ ಎಂದು ಹೆಸರೇನೋ ದೊಡ್ಡದು. ಆದರೆ ಮಟಮಟ ಮಧ್ಯಾಹ್ನದಲ್ಲೂ ಒಳಗೆ ಯಾರೋ ಉಸಿರು ಬಿಗಿಹಿಡಿದು ಕೂತ ಹಾಗಿತ್ತು.

“ಯಾಕೆ ಹಂಗೆ ಅನ್ಬಾರ್ದು ತಾತ?”

“ಬಿಟ್ಟು ಹೋದದ್ದು ಎಲ್ಲೂ ಹೋಗಲ್ಲ ಕಣವ್ವ. ಇಲ್ಲೇ ಮೂಲೇಲಿ ಕುಂತಿರ್ತದೆ. ಬರ್ತೀನಿ ಅಂದ್ರೆ ಇನ್ನೂ ನಂಟು ಐತೆ ಅಂತ ತಾನೆ? ಯಾರು ಆ ಮಾತಾಡ್ತಾರೋ ಅವ್ರ ಹಿಂದೆ ಎದ್ದು ಹೊಂಟ್‌ಬುಡ್ತದೆ. ಬಿಟ್ಟೋರು ಯಾರು, ಕರೆದೋರು ಯಾರು ಅಂತ ನೋಡಕ್ಕೆ ಅದಕ್ಕೆ ಕಣ್ಣಿಲ್ಲ. ಕಿವಿ ಮಾತ್ರ ಐತೆ.”

ದಾಕ್ಷಾಯಣಿಯ ಹೆದರಿಕೆಗೆ ಹಾವೂ ಬೇಕಿರಲಿಲ್ಲ, ಕೋರ್ಟೂ ಬೇಕಿರಲಿಲ್ಲ. ಗಂಡ ಜಯಪ್ರಕಾಶನ ಬೈಕಿನ ಸದ್ದು ಸಾಕಿತ್ತು. ತುಮಕೂರಿನ ಮನೆಯ ತಿರುವಿನಲ್ಲಿ ಅದು ಕೇಳಿಸಿತೋ, ಕೈಯಲ್ಲಿದ್ದ ಲೋಟ ಕೆಳಗಿಡುತ್ತಿದ್ದಳು. ನಗುತ್ತಿದ್ದ ಮಗಳು ಕಾವ್ಯಳಿಗೆ “ಮೆತ್ತಗೆ ಮಾತಾಡೇ, ಕೇಳಿಸುತ್ತೆ” ಎಂದು ಪಿಸುಗುಡುತ್ತಿದ್ದಳು. ಬರುವ ಸೋಮವಾರ ದಾಕ್ಷಾಯಣಿ ಊರ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಬೇಕು. ಹಿಂದೊಮ್ಮೆ ಕೆಲಸದ ಮಾತು ಎತ್ತಿದ್ದಕ್ಕೆ ಅವನು ತಿರುಚಿದ ಎಡಗೈ ಮಣಿಕಟ್ಟು ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ. ಈ ಸಲ ಗಂಡನಿಗೆ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಂಗೈ ಒತ್ತಿ “ಬೈಕಿನ ಸದ್ದು” ಎಂದಳು. ಕೈಯ ಕೆಳಗೆ ಕಲ್ಲು ಬೆವರಿತು. ಎದೆಯೊಳಗಿಂದ ಏನೋ ಕಳಚಿಕೊಂಡು, ಬರಿಗಾಲಲ್ಲಿ ನಡೆದು ಹೋಗಿ ಮೂಲೆಯಲ್ಲಿ ಕೂತ ಹಾಗಾಯಿತು.

“ಏ, ಐದು ನಿಮಿಷ ಅಂದು ಎಷ್ಟೊತ್ತೇ ನಿಂದು?” ನೆಂಟರ ಗೃಹಪ್ರವೇಶದ ಊಟ ಮುಗಿಸಿ, ಏರಿಯ ಮೇಲೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ ಜಯಪ್ರಕಾಶ್ ಶೂ ಸಮೇತ ಒಳಗೆ ಬಂದ. ದೇವರನ್ನು ನೋಡಿ ನಕ್ಕ. “ತಲೇನೇ ಇಲ್ಲ, ಇದಕ್ಕೆ ಪೂಜೆ ಬೇರೆ.” ಎಮ್ಮೆಯ ಬೆನ್ನು ತಟ್ಟುವ ಹಾಗೆ ಕಲ್ಲಿನ ಎದೆಯನ್ನು ತಟ್ಟಿದ.

ದಾಕ್ಷಾಯಣಿ ಪೂಜಾರಿಯ ಕಡೆ ತಿರುಗಿದಳು. ನಾಲಿಗೆ ತಡವರಿಸಿತು, ಆದರೂ ಅಂದಳು: “ಹೋಗ್ತೀನಿ ತಾತ.”

“ಹೋಗ್ತೀನಿ ಅಂತಾರೇನೇ? ಒಳ್ಳೇದು ಕೆಟ್ಟದ್ದು ಏನೂ ಹೇಳ್ಕೊಟ್ಟಿಲ್ವಾ ನಿಮ್ಮವ್ವ?” ಎಂದು ಜಯಪ್ರಕಾಶ್ ಗದರಿದ. ದೇವರನ್ನೇ ಗೇಲಿ ಮಾಡುವವನಿಗೂ ಶಕುನದ ಮಾತೆಂದರೆ ಭಾರೀ ಶಾಸ್ತ್ರ. ಅವಳು ಬಾಯಿ ತೆರೆದಳು. ಆ ಮಾತು ಆಡಬೇಡಿ ಅನ್ನಲು ಇನ್ನೂ ಹೊತ್ತಿತ್ತು. ಪುಟ್ಟರಂಗಯ್ಯ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಸುಮ್ಮನಾದಳು. ಜಯಪ್ರಕಾಶ್ ಬಾಗಿಲಲ್ಲಿ ನಿಂತು, ದಡ್ಡ ಮಕ್ಕಳಿಗೆ ಪಾಠ ಹೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: “ಬ-ರ್ತೀ-ನಿ, ಯಜಮಾನ್ರೇ.”

ಮೂಲೆಯಲ್ಲಿ ಒಣಗಿದ ಹುಣಸೆ ಎಲೆಗಳು ಸರಸರ ಅಂದವು. ಗಾಳಿ ಇರಲಿಲ್ಲ. ಪುಟ್ಟರಂಗಯ್ಯ ಯಾರಿಗೋ ದಾರಿ ಬಿಡುವವನ ಹಾಗೆ ಗೋಡೆಗೆ ಸರಿದು ನಿಂತ.

ತುಮಕೂರಿನ ದಾರಿಯಲ್ಲಿ ಗುಬ್ಬಿ ಪೇಟೆ ಇನ್ನೂ ಬಂದಿರಲಿಲ್ಲ, ಜಯಪ್ರಕಾಶ್ ಬೈಕಿನ ಕನ್ನಡಿಯನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದ. “ಹಿಂದೆ ಯಾರೋ ಬೈಕಲ್ಲಿ ಬರ್ತಾವ್ನೆ.” ದಾಕ್ಷಾಯಣಿ ತಿರುಗಿ ನೋಡಿದಳು. ತೆಂಗಿನ ತೋಟಗಳ ನಡುವೆ ರಸ್ತೆ ಖಾಲಿ ಬಿದ್ದಿತ್ತು. ಅವನು ವೇಗ ಹೆಚ್ಚಿಸಿದ. ಸದ್ದೂ ಹೆಚ್ಚಿತು. ಕೊನೆಗೆ ರಸ್ತೆಯ ಪಕ್ಕಕ್ಕೆ ತಂದು ಆಫ್ ಮಾಡಿದ. “ಅವ್ನೂ ನಿಂತ,” ಎಂದ. ಇಬ್ಬರೂ ಕೆಳಗಿಳಿದರು. ಅವನ ಶರ್ಟು ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದ. “ಬಂದ. ಮತ್ತೆ ಬಂದ ಕಣೇ.”

“ಅದು ನಿಮ್ದೇ ಬೈಕು ಕಣ್ರೀ,” ಎಂದಳು. ಅದು ಅವನ ಕಿವಿಗೇ ಬೀಳಲಿಲ್ಲ. ಅವಳಿಗೆ ಅಯ್ಯೋ ಪಾಪ ಅನ್ನಿಸಿತು, ಅದು ಸುಳ್ಳಲ್ಲ. ಇಷ್ಟು ವರ್ಷ ಹೊತ್ತವಳಿಗೆ ಆ ಹೆದರಿಕೆಯ ಭಾರ ಗೊತ್ತಿತ್ತು. ಆಫ್ ಮಾಡೋಣವೆಂದು ಕೀ ಕಡೆಗೆ ಹೋದ ಕೈಯನ್ನು ಆಮೇಲೆ ಹಿಂದಕ್ಕೆ ತೆಗೆದುಕೊಂಡಳು. ಬೈಕಿನ ಸದ್ದಿಗಿಂತ ಜೋರಾಗಿ ಹೇಳಿದಳು: “ಸೋಮವಾರದಿಂದ ನಾನು ಕೆಲ್ಸಕ್ಕೆ ಹೋಗ್ತೀನಿ.”

ಜಯಪ್ರಕಾಶ್ ಅವಳ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡ.

“ಮೆತ್ತಗೆ ಮಾತಾಡೇ,” ಎಂದು ಪಿಸುಗುಟ್ಟಿದ. “ಕೇಳಿಸುತ್ತೆ.”